ಮಣ್ಣಿಗೆ ಅರಗದ ಮೈಲುತುತ್ತ

ಮುಂಗಾರು ಬೀಳುವ ಹೊತ್ತಿಗೆ ಸಾಗರ, ಸೊರಬ, ಸಿರಸಿ ಕಡೆಯ ಯಾವ ಅಡಿಕೆ ತೋಟಕ್ಕೆ ಹೋದರೂ ಅಂಚಿನಲ್ಲಿ ಡ್ರಮ್ಮುಗಳು ಕಾಣುತ್ತವೆ. ಒಂದರಲ್ಲಿ ಸುಣ್ಣದ ತಿಳಿ, ಇನ್ನೊಂದರಲ್ಲಿ ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರು. ಎರಡನ್ನೂ ಮೂರನೆಯ ಡ್ರಮ್ಮಿಗೆ ಒಟ್ಟಿಗೆ ಸುರಿದು ಕೋಲಾಡಿಸಿದರೆ ತಿಳಿನೀಲಿಯ ಬೋರ್ಡೋ ದ್ರಾವಣ. ಕೊಳೆರೋಗಕ್ಕೆ ನಮಗೆ ಗೊತ್ತಿರುವ ಹಳೆಯ, ನಂಬುಗೆಯ ಔಷಧಿ ಅದು. ಹದ ನೋಡಲು ನಮ್ಮಜ್ಜ ಉಜ್ಜಿ ಹೊಳಪು ಬರಿಸಿದ ಕತ್ತಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಿದ್ದರು. ಅಲಗಿನ ಮೇಲೆ ಕೆಂಪು ಕೂತಿದ್ದರೆ ಇನ್ನೊಂದಿಷ್ಟು ಸುಣ್ಣ ಬೀಳುತ್ತಿತ್ತು. ಆ ಕೆಂಪು ತಾಮ್ರದ್ದು. ಸುಣ್ಣ ಸಾಲದಿದ್ದರೆ ಬಿಡಿಯಾಗಿ ಉಳಿದ ತಾಮ್ರ ಕಬ್ಬಿಣದ ಮೇಲೆ ಬಂದು ಕೂರುತ್ತದೆ. ಅಂಥ ದ್ರಾವಣ ಅಡಿಕೆ ಕೊನೆಗೆ ಬಿದ್ದರೆ ಎಳೆಯ ಕಾಯಿಯನ್ನೇ ಸುಡುತ್ತದೆ.

ಹುಡುಗನಾಗಿದ್ದಾಗ ನಾನು ಅಜ್ಜನನ್ನು ಕೇಳಿದ್ದೆ, ಇಷ್ಟೆಲ್ಲ ಹೊಡೆದ ಔಷಧಿ ಆಮೇಲೆ ಎಲ್ಲಿ ಹೋಗುತ್ತದೆ ಎಂದು. "ಎಲ್ಲ ಮಳೆಗೆ ತೊಳ್ಕಂಡು ಹೋಗ್ತು ಮಾಣಿ" ಎಂದಿದ್ದರು. ತೊಳೆದು ಹೋದದ್ದೇನೋ ನಿಜ. ಆದರೆ ಕಾಯಿಯಿಂದ ತೊಳೆದದ್ದು ಮರದ ಬುಡಕ್ಕೆ ಇಳಿಯಿತು. ಅಲ್ಲಿಂದ ಮುಂದೆ ಅದು ಹೆಚ್ಚು ದೂರ ಹೋಗಲಿಲ್ಲ. ತಾಮ್ರಕ್ಕೆ ಮಣ್ಣಿನ ಸಾವಯವ ಅಂಶವೆಂದರೆ ಬಲು ಅಂಟು, ಸಿಕ್ಕಿದರೆ ಬಿಡುವುದಿಲ್ಲ. ಅಜ್ಜನ ಕಾಲದ ಮೈಲುತುತ್ತದ ದೊಡ್ಡ ಪಾಲು ಇವತ್ತಿಗೂ ತೋಟದ ಮೇಲುಮಣ್ಣಿನಲ್ಲಿ ಕೂತಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಅದು ಅಲ್ಲಿ ಸುಮ್ಮನೆ ಕೂತಿದೆಯೇ, ಅಥವಾ ಏನಾದರೂ ಮಾಡುತ್ತಿದೆಯೇ? ಇದಕ್ಕೆ ಉತ್ತರ ಹುಡುಕಬೇಕಾದರೆ ಮಣ್ಣಿನಲ್ಲಿ ಕೆಲಸ ಮಾಡುವವರು ಯಾರು ಎಂದು ಮೊದಲು ನೋಡಬೇಕು.

ತೋಟಕ್ಕೆ ನಾವು ಸೊಪ್ಪು ಹಾಸುತ್ತೇವೆ, ದರಕು ತುಂಬುತ್ತೇವೆ, ಸಗಣಿ ಗೊಬ್ಬರ ಹೊರುತ್ತೇವೆ. ಬಿದ್ದ ಹಾಳೆ, ಸೋಗೆ ಅಲ್ಲೇ ಕೊಳೆಯುತ್ತವೆ. ಆದರೆ ಬೇರಿಗೆ ಸೊಪ್ಪನ್ನು ತಿನ್ನಲು ಬಾಯಿಲ್ಲ. ನೀರಿನಲ್ಲಿ ಕರಗಿದ ಸಣ್ಣ ಕಣಗಳನ್ನು ಮಾತ್ರ ಅದು ಹೀರಬಲ್ಲದು. ಸೊಪ್ಪು ಕರಗಿ ಆ ಕಣವಾಗುವವರೆಗಿನ ಕೆಲಸವೆಲ್ಲ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳದ್ದು. ಅವುಗಳಿಗೂ ಬಾಯಿಲ್ಲ. ಅವು ತಮ್ಮ ಮೈಯಿಂದ ಒಂದು ಬಗೆಯ ಪ್ರೋಟೀನನ್ನು ಹೊರಗೆ ಬಿಡುತ್ತವೆ. ಅದು ಎದುರಿಗಿದ್ದದ್ದನ್ನು ತುಂಡರಿಸಿ ಕೊಡುತ್ತದೆ. ಒಂದು ರೀತಿಯಲ್ಲಿ ನಮ್ಮ ಹೊಟ್ಟೆಯೊಳಗೆ ನಡೆಯುವ ಕೆಲಸವನ್ನು ಅವು ಹೊರಗೆ ಮಣ್ಣಿನಲ್ಲಿ ಮಾಡಿ ಮುಗಿಸುತ್ತವೆ. ಆ ಪ್ರೋಟೀನೇ ಕಿಣ್ವ. ಹಳೆಯ ಶಬ್ದ ಇದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರೆ ತಯಾರಿಸಲು ಹಾಕುವ ಹುದುಗಿಗೆ ಕಿಣ್ವ ಎಂದೇ ಹೆಸರು. ವಿಜ್ಞಾನ ಬರೆದ ಕನ್ನಡದ ಹಿರಿಯರು ಅದನ್ನು ಎಂಜೈಮಿಗೆ ಹೊಂದಿಸಿಕೊಂಡದ್ದು ಒಳ್ಳೆಯ ಆಯ್ಕೆ. ಹಾಲಿಗೆ ಹೆಪ್ಪು, ಹಿಟ್ಟಿಗೆ ಹುದುಗು ಎಂದು ದಿನವೂ ಅನ್ನುವವರಿಗೆ ಮಣ್ಣಿಗೂ ಒಂದು ಹುದುಗು ಇದೆ ಎಂದರೆ ಬೇರೆ ವಿವರಣೆ ಬೇಕಿಲ್ಲ.

ಯೂರಿಯಾ ಹಾಕುತ್ತೇವಲ್ಲ, ಅದು ಗಿಡಕ್ಕೆ ಬಹುಮಟ್ಟಿಗೆ ಹಾಗೆಯೇ ಸಿಗುವುದಿಲ್ಲ. ಯೂರಿಯೇಸ್ ಎಂಬ ಕಿಣ್ವ ಅದನ್ನು ಒಡೆದು ಅಮೋನಿಯಾ ಮಾಡಬೇಕು. 1926ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಸಮ್ನರ್ ಮೊದಲ ಬಾರಿಗೆ ಒಂದು ಕಿಣ್ವವನ್ನು ಹರಳಾಗಿಸಿ ತೋರಿಸಿದ್ದು ಇದೇ ಯೂರಿಯೇಸನ್ನು, ಅದೂ ಒಂದು ಜಾತಿಯ ಅವರೆಯಂಥ ಕಾಳಿನಿಂದ. ಕಿಣ್ವವೆಂದರೆ ಪ್ರೋಟೀನು ಎಂದು ಜಗತ್ತು ಒಪ್ಪಲು ಆಮೇಲೂ ಕೆಲವು ವರ್ಷ ಬೇಕಾದವು. 1946ರಲ್ಲಿ ಆತನಿಗೆ ನೊಬೆಲ್ ಬಂತು. ಇನ್ನು ನಮ್ಮ ಹುಳಿ ಮಣ್ಣಿನಲ್ಲಿ ರಂಜಕವನ್ನು ಕಬ್ಬಿಣ ಮತ್ತು ಅಲ್ಯೂಮಿನಿಯಂ ಗಟ್ಟಿಯಾಗಿ ಹಿಡಿದಿಟ್ಟುಕೊಂಡಿರುತ್ತವೆ. ಹೀಗಾಗಿ ಸೊಪ್ಪು-ಸದೆಯೊಳಗಿನ ರಂಜಕಕ್ಕೆ ಇಲ್ಲಿ ಬೆಲೆ ಹೆಚ್ಚು. ಅದನ್ನು ಬಿಡಿಸಿಕೊಡುವುದು ಫಾಸ್ಫಟೇಸ್. ನಾರನ್ನು ಸಕ್ಕರೆಯಾಗಿಸುವವು ಸೆಲ್ಯುಲೇಸ್ ಮತ್ತು ಅದರ ಬಳಗ. ಇವೆಲ್ಲಕ್ಕಿಂತ ಬೇರೆಯದು ಡೀಹೈಡ್ರೋಜಿನೇಸ್. ಅದು ಬದುಕಿರುವ ಜೀವಕೋಶದ ಒಳಗೆ ಮಾತ್ರ ಕೆಲಸ ಮಾಡುತ್ತದೆ, ಉಸಿರಾಟಕ್ಕೆ ಸೇರಿದ್ದು. ಮಣ್ಣಿನಲ್ಲಿ ಜೀವ ಎಷ್ಟು ಚುರುಕಾಗಿದೆ ಎಂದು ತಿಳಿಯಲು ವಿಜ್ಞಾನಿಗಳು ಹೆಚ್ಚಾಗಿ ಇದನ್ನೇ ಅಳೆಯುತ್ತಾರೆ. ಅಳೆಯುವ ಬಗೆ ನೋಡಲು ಚೆಂದ. ಮಣ್ಣಿಗೆ ಬಣ್ಣವಿಲ್ಲದ ಒಂದು ಲವಣ ಸೇರಿಸಿ 37 ಡಿಗ್ರಿ ಬಿಸಿಯಲ್ಲಿ ಒಂದು ದಿನ ಇಟ್ಟರೆ, ಕಿಣ್ವ ಚುರುಕಾಗಿದ್ದಷ್ಟೂ ಅದು ಕೆಂಪಾಗುತ್ತದೆ. ಆ ಕೆಂಪನ್ನು ಬಸಿದು ಎಷ್ಟು ಗಾಢವೆಂದು ಯಂತ್ರದಲ್ಲಿ ನೋಡಿದರಾಯಿತು.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿದ್ದು. ಹೊರಗೆ ಬಿಟ್ಟ ಕಿಣ್ವಗಳು ಅವನ್ನು ಬಿಟ್ಟ ಜೀವಿ ಸತ್ತ ಮೇಲೂ ಉಳಿಯುತ್ತವೆ. ಜೇಡಿಯ ಪದರಕ್ಕೋ ಗೊಬ್ಬರದ ಕಪ್ಪು ಅಂಶಕ್ಕೋ ಅಂಟಿಕೊಂಡು ಬಹಳ ಕಾಲ ಕೆಲಸ ಮುಂದುವರಿಸುತ್ತವೆ. ನೂರಾರು ವರ್ಷ ಸೊಪ್ಪು ಹೊತ್ತ ತೋಟದ ಮಣ್ಣು ಎಂದರೆ ಬರೀ ಪೋಷಕಾಂಶದ ಕಣಜವಲ್ಲ. ಹಿಂದಿನವರು ಸಾಕಿದ ಜೀವಿಗಳ ಕೆಲಸವೂ ಅದರಲ್ಲಿ ಒಟ್ಟಾಗಿರುತ್ತದೆ.

ಈಗ ಔಷಧಿಗಳ ಕಡೆ ಬರೋಣ. ಇಂದು ಬಳಕೆಯಲ್ಲಿರುವ ಹಲವು ಕೀಟನಾಶಕ, ಕಳೆನಾಶಕ, ಶಿಲೀಂಧ್ರನಾಶಕಗಳು ಕೊಲ್ಲುವುದೇ ಯಾವುದಾದರೂ ಒಂದು ಕಿಣ್ವವನ್ನು ತಡೆದು ಎಂಬುದು ಎಷ್ಟೋ ರೈತರಿಗೆ ಗೊತ್ತಿಲ್ಲ, ಯಾರೂ ಹೇಳಿಲ್ಲ. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್‌ನಂಥವು ಹುಳುವಿನ ನರದ ಕಿಣ್ವವೊಂದನ್ನು ಕಟ್ಟಿಹಾಕುತ್ತವೆ. ಮನುಷ್ಯನ ನರದಲ್ಲೂ ಅದೇ ಕಿಣ್ವ ಇರುವುದರಿಂದಲೇ ಔಷಧಿ ಹೊಡೆಯುವವನಿಗೆ ತಲೆ ಸುತ್ತುವುದು, ಬಾಯಲ್ಲಿ ನೀರೂರುವುದು. ಗ್ಲೈಫೋಸೇಟ್ ತಡೆಯುವ ಕಿಣ್ವ ಪ್ರಾಣಿಗಳಲ್ಲಿಲ್ಲ. ಗಿಡಗಳಲ್ಲಿದೆ, ಜತೆಗೆ ಮಣ್ಣಿನ ಅನೇಕ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳಲ್ಲೂ ಇದೆ. ಪ್ರೊಪಿಕೊನಜೋಲ್, ಟೆಬುಕೊನಜೋಲ್ ಎಂದು ಹೆಸರಿನ ಕೊನೆಗೆ 'ಅಜೋಲ್' ಇರುವ ಶಿಲೀಂಧ್ರನಾಶಕಗಳು ಶಿಲೀಂಧ್ರದ ಜೀವಕೋಶದ ಪೊರೆ ಕಟ್ಟುವ ಕಿಣ್ವಕ್ಕೆ ಅಡ್ಡ ಬರುತ್ತವೆ. ಎಲೆಯ ಮೇಲಿನ ರೋಗದ ಶಿಲೀಂಧ್ರಕ್ಕೂ ಬುಡದಲ್ಲಿ ಹಾಳೆ ಕೊಳೆಸುವ ಶಿಲೀಂಧ್ರಕ್ಕೂ ಅವು ಭೇದ ಮಾಡಲಾರವು.

ಹಾಗಾದರೆ ಔಷಧಿ ಬಿದ್ದ ಕೂಡಲೇ ಮಣ್ಣಿನ ಕಿಣ್ವಗಳೆಲ್ಲ ನಿಲ್ಲಬೇಕಲ್ಲ? ಹಾಗಾಗುವುದಿಲ್ಲ. ಈ ವಿಷಯದ ಸಂಶೋಧನೆಗಳನ್ನು ಓದುತ್ತ ಹೋದರೆ ಮೊದಲು ಗೊಂದಲವೇ ಆಗುತ್ತದೆ. ಒಂದು ಕಡೆ ಚಟುವಟಿಕೆ ಇಳಿಯಿತು ಎಂದಿರುತ್ತದೆ, ಇನ್ನೊಂದು ಕಡೆ ಅದೇ ಔಷಧಿಗೆ ಏರಿತು ಎಂದಿರುತ್ತದೆ. ನಮ್ಮ ಪಾವಗಡದಾಚೆಯ ಅನಂತಪುರದಲ್ಲಿ ಶೇಂಗಾ ಬೆಳೆಯುವ ಕಪ್ಪು ಮತ್ತು ಕೆಂಪು ಮಣ್ಣಿನ ಮೇಲೆ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದವರು ಇಂಥ ಪ್ರಯೋಗಗಳನ್ನು ಮಾಡಿದ್ದಾರೆ. ಕೀಟನಾಶಕ ಕಡಿಮೆ ಪ್ರಮಾಣದಲ್ಲಿದ್ದಾಗ ಕೆಲವು ಕಿಣ್ವಗಳು ಚುರುಕಾದವು, ಪ್ರಮಾಣ ಹೆಚ್ಚಿಸಿದಾಗ ಕುಗ್ಗಿದವು. ಔಷಧಿ ಕಂಪನಿಯವರು ಮೊದಲರ್ಧವನ್ನು ಮಾತ್ರ ಎತ್ತಿ ತೋರಿಸಬಹುದು, ವಿರೋಧಿಸುವವರು ಕೊನೆಯರ್ಧವನ್ನು ಮಾತ್ರ. ಎರಡೂ ತಪ್ಪು.

ಏರಿಕೆ ಎಂದರೆ ಒಳ್ಳೆಯದೇ ಆಗಬೇಕೆಂದಿಲ್ಲ. ಔಷಧಿಯಿಂದ ಒಂದಿಷ್ಟು ಜೀವಿಗಳು ಸತ್ತಾಗ ಅವುಗಳ ಮೈಯೊಳಗಿದ್ದ ಕಿಣ್ವ ಹೊರಗೆ ಸುರಿಯುತ್ತದೆ. ಸತ್ತ ಮೈಯನ್ನು ತಿನ್ನಲು ಬದುಕಿದವು ಮುಗಿಬೀಳುತ್ತವೆ. ಅಳತೆಯ ಯಂತ್ರಕ್ಕೆ ಅದು ಹುರುಪಿನಂತೆ ಕಾಣುತ್ತದೆ. ಇನ್ನು ಕೆಲವು ಸಲ ಔಷಧಿಯೇ ಆಹಾರವಾಗುತ್ತದೆ. ರಂಜಕವಿರುವ ಕೀಟನಾಶಕ ಬಿದ್ದಲ್ಲಿ ಫಾಸ್ಫಟೇಸ್ ಹೆಚ್ಚಿದರೆ, ಅದನ್ನು ಒಡೆದು ತಿನ್ನುವವರು ಹೆಚ್ಚಿದ್ದಾರೆ ಎಂಬ ಸಾಧ್ಯತೆ ಇದೆ. ಇಳಿಕೆಯೂ ಹಾಗೆಯೇ. ವಾರದೊಳಗೆ ಇಳಿದದ್ದು ತಿಂಗಳಲ್ಲಿ ಚೇತರಿಸಿಕೊಂಡರೆ ಅದು ಒಂದು ಬಗೆಯ ಜ್ವರ ಇದ್ದಂತೆ, ಚೇತರಿಸದಿದ್ದರೆ ಚಿಂತೆ. ಹೊಸ ಔಷಧಿಗಳನ್ನು ಪರೀಕ್ಷಿಸಲು ಹಲವು ದೇಶಗಳು ಒಪ್ಪಿಕೊಂಡ ಒಂದು ಅಂತರರಾಷ್ಟ್ರೀಯ ವಿಧಾನವಿದೆ. ಅದರ ಪ್ರಕಾರ, ಔಷಧಿ ಹಾಕಿದ ಮಣ್ಣಿನಲ್ಲಿ ಸಾರಜನಕ ಮತ್ತು ಇಂಗಾಲ ಮಾರ್ಪಡುವ ವೇಗ, ಹಾಕದ ಮಣ್ಣಿಗಿಂತ 28 ದಿನದ ಹೊತ್ತಿಗೆ ಶೇ. 25ಕ್ಕಿಂತ ಹೆಚ್ಚು ವ್ಯತ್ಯಾಸ ತೋರಿಸದಿದ್ದರೆ ದೀರ್ಘ ಪರಿಣಾಮವಿಲ್ಲ ಎಂದು ಹಿಡಿಯುತ್ತಾರೆ. ಮೀರಿದರೆ 100 ದಿನದವರೆಗೂ ನೋಡುತ್ತಾರೆ. ನನ್ನ ತಕರಾರು ಇರುವುದು ಇಲ್ಲಿ. ಪರೀಕ್ಷೆಯಲ್ಲಿ ಒಂದು ಔಷಧಿ, ಒಂದು ಸಲ, ಹದವಾದ ತೇವದ ಮಣ್ಣು. ನಮ್ಮ ತೋಟದಲ್ಲಿ ಒಂದೇ ವರ್ಷಕ್ಕೆ ಮೂರ್ನಾಲ್ಕು ಔಷಧಿ, ಅದೇ ಬುಡಕ್ಕೆ, ತಲೆಮಾರಿನಿಂದ. ಮೊದಲನೆಯದರ ಜ್ವರ ಇಳಿಯುವ ಮುನ್ನ ಎರಡನೆಯದು ಬಿದ್ದಿರುತ್ತದೆ.

ಆದರೂ ಮಣ್ಣಿನ ಶಕ್ತಿಯನ್ನು ಕಡಿಮೆ ಎಣಿಸಬಾರದು. ಅದು ವಿಷವನ್ನೂ ಅರಗಿಸಿಕೊಳ್ಳುತ್ತದೆ. 1970ರ ದಶಕದ ಆರಂಭದಲ್ಲಿ ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಭಾರತದ ಎನ್. ಸೇತುನಾಥನ್ ಮತ್ತು ಜಪಾನಿನ ಯೋಶಿದಾ ಒಂದು ಸಂಗತಿ ಗಮನಿಸಿದರು. ಡಯಾಜಿನಾನ್ ಎಂಬ ಕೀಟನಾಶಕವನ್ನು ಮತ್ತೆ ಮತ್ತೆ ಹಾಕಿದ ಗದ್ದೆಯಲ್ಲಿ ಅದು ಬೇಗ ಬೇಗ ಮಾಯವಾಗತೊಡಗಿತ್ತು. ಆ ಗದ್ದೆಯ ನೀರಿನಿಂದ ಅವರು ಬೇರ್ಪಡಿಸಿದ ಬ್ಯಾಕ್ಟೀರಿಯಾ ತನ್ನದೊಂದು ಕಿಣ್ವದಿಂದ ಡಯಾಜಿನಾನನ್ನು ಕತ್ತರಿಸಿ ಹಾಕುತ್ತಿತ್ತು. ಸೇತುನಾಥನ್ ಕಟಕ್‌ನ ಕೇಂದ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಇಂಥ ಕೆಲಸವನ್ನು ಮುಂದುವರಿಸಿದರು. ಅದೇ ಬಳಗದ ಕಿಣ್ವವನ್ನು ಮುಂದೆ ಯುದ್ಧದಲ್ಲಿ ಬಳಸುವ ನರವಿಷಗಳನ್ನು ನಿಷ್ಕ್ರಿಯಗೊಳಿಸಲು ಸಾಧ್ಯವೇ ಎಂದು ಪರೀಕ್ಷಿಸಿದರು. ಗದ್ದೆಯ ಕೆಸರಿನ ಒಂದು ಜೀವಿ ಮನುಷ್ಯ ಮಾಡಿದ ವಿಷವನ್ನು ಇಷ್ಟು ಬೇಗ ಬಿಚ್ಚಲು ಕಲಿಯಿತು ಎಂಬುದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಎಲ್ಲ ಸಲವೂ ಮಣ್ಣಿನ ಅರಗಿಸುವಿಕೆ ನಮ್ಮ ಪರವಾಗಿರುತ್ತದೆ ಎಂದಲ್ಲ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಯ ಗೇರು ತೋಟಗಳ ಮೇಲೆ, ಕಾಸರಗೋಡಿನ ಗುಡ್ಡಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನನ್ನು ಮಣ್ಣಿನ ಜೀವಿಗಳು ಮುಟ್ಟದೇ ಬಿಡಲಿಲ್ಲ. ಆದರೆ ಅದರ ಒಂದು ಪಾಲನ್ನು ಅವು ಎಂಡೋಸಲ್ಫಾನ್ ಸಲ್ಫೇಟ್ ಆಗಿ ಬದಲಿಸಿದವು. ಅದು ಮೂಲಕ್ಕಿಂತ ಹೆಚ್ಚು ಕಾಲ ಬಾಳುವಂಥದ್ದು, ವಿಷದಲ್ಲಿ ಮೂಲಕ್ಕೆ ಸರಿಸಮ. 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ದೇಶದಾದ್ಯಂತ ತಡೆಯಿತು. ಆ ಊರುಗಳ ಮನೆಗಳಲ್ಲಿ ಇವತ್ತಿಗೂ ಹಾಸಿಗೆ ಹಿಡಿದ ಮಕ್ಕಳಿದ್ದಾರೆ. ಅದರ ನೋವು ಬೇರೆಯೇ ಬರಹ ಕೇಳುತ್ತದೆ.

ಇಷ್ಟು ಹೇಳಿದ್ದು ತಾಮ್ರ ಯಾಕೆ ಬೇರೆ ಎಂದು ಹೇಳಲಿಕ್ಕೆ. ಡಯಾಜಿನಾನ್, ಗ್ಲೈಫೋಸೇಟ್, ಎಂಡೋಸಲ್ಫಾನ್ ಎಲ್ಲವೂ ಇಂಗಾಲದ ಸರಪಳಿಗಳು. ಇವತ್ತಲ್ಲದಿದ್ದರೆ ಇನ್ನು ಇಪ್ಪತ್ತು ವರ್ಷಕ್ಕೆ ಯಾವುದೋ ಕಿಣ್ವ ಅವನ್ನು ಕತ್ತರಿಸಬಲ್ಲದು. ತಾಮ್ರ ಮೂಲಧಾತು. ಕತ್ತರಿಸಲು ಅದರಲ್ಲಿ ಕೊಂಡಿಯೇ ಇಲ್ಲ. ಒಂದು ಕಡೆಯಿಂದ ಬಿಡಿಸಿದರೆ ಇನ್ನೊಂದು ಕಡೆ ಅಂಟಿಕೊಳ್ಳುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಕಳೆದ ನೂರು ವರ್ಷಗಳಲ್ಲಿ ಮಲೆನಾಡಿನ ತೋಟಗಳಿಗೆ ಬಂದ ಔಷಧಿಗಳಲ್ಲಿ ಮಣ್ಣಿಗೆ ಎಂದೂ ಅರಗದ್ದು ಇದು. ಮತ್ತು ನಾವು ಅತ್ಯಂತ ನಿರುಪದ್ರವಿ ಎಂದು ನಂಬಿದ್ದೂ ಇದನ್ನೇ. ಸಾವಯವ ಕೃಷಿಯ ನಿಯಮಗಳಲ್ಲೂ ಇದಕ್ಕೆ ಮಿತಿಯೊಳಗೆ ಒಪ್ಪಿಗೆ ಇದೆ.

ನಾನು ಬೋರ್ಡೋ ದ್ರಾವಣವನ್ನು ದೂರುತ್ತಿಲ್ಲ. ಅದು ಬರುವ ಮುಂಚೆ ಏನಿತ್ತು ಎಂದು ಹಿರಿಯರಿಂದ ಕೇಳಿದ್ದೇನೆ. ಕರಡದ ಹುಲ್ಲಿನಲ್ಲಿ ಕೊಟ್ಟೆ ಹೆಣೆದು, ಒಂದೊಂದೇ ಮರ ಹತ್ತಿ, ಒಂದೊಂದೇ ಕೊನೆಗೆ ಟೋಪಿ ಹಾಕಿದಂತೆ ಕಟ್ಟಬೇಕು. ಕಟ್ಟಿದ್ದು ತಡವಾದರೆ ಬುಡದ ತುಂಬ ಕೊಳೆತ ಹಸಿರು ಕಾಯಿ. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್‌ಮನ್ ಮಲೆನಾಡಿನ ಮಳೆಯಲ್ಲಿ ತಿರುಗಿ ಈ ರೋಗವನ್ನು ಅಭ್ಯಾಸ ಮಾಡಿದರು. 1910ರಲ್ಲಿ ಅವರ ವರದಿ ಬಂತು. ಫೈಟಾಫ್ಥೊರಾ ಎಂಬ, ಶಿಲೀಂಧ್ರದಂತೆ ಕಾಣುವ ಜೀವಿ ಇದಕ್ಕೆ ಕಾರಣವೆಂದು ತೋರಿಸಿ, ಬೋರ್ಡೋ ದ್ರಾವಣವನ್ನು ಅಂಟಿನ ಜತೆ ಕೊನೆಗೆ ಹೊಡೆಯುವ ಕ್ರಮವನ್ನು ಅವರು ರೂಢಿಗೆ ತಂದರು. ಅದೆಷ್ಟು ಮನೆಗಳು ಆ ನೀಲಿ ನೀರಿನಿಂದ ಸಾಲದಿಂದ ಪಾರಾದವೋ. ದ್ರಾವಣದ ಹುಟ್ಟೂರು ಫ್ರಾನ್ಸಿನ ಬೋರ್ಡೋ ಪಕ್ಕದ ದ್ರಾಕ್ಷಿ ತೋಟಗಳು. ರಸ್ತೆ ಬದಿಯ ದ್ರಾಕ್ಷಿಯನ್ನು ಕದಿಯದಿರಲಿ ಎಂದು ತಾಮ್ರ ಮತ್ತು ಸುಣ್ಣ ಬಳಿದಿದ್ದ ಬಳ್ಳಿಗಳಿಗೆ ಬೂಜು ರೋಗ ತಗುಲದ್ದನ್ನು ಕಂಡ ಮಿಯಾರ್ದೆ ಎಂಬ ಸಸ್ಯವಿಜ್ಞಾನಿ 1885ರಲ್ಲಿ ಅದನ್ನು ಪ್ರಕಟಿಸಿದರು.

ಒಂದು ಲೆಕ್ಕ ಹಾಕೋಣ. ಶೇ. 1ರ ದ್ರಾವಣ ಎಂದರೆ 100 ಲೀಟರಿಗೆ 1 ಕಿಲೋ ಮೈಲುತುತ್ತ. ಅದರಲ್ಲಿ ತಾಮ್ರ ಕಾಲು ಭಾಗ, 250 ಗ್ರಾಂ. ಎಕರೆಗೆ 550 ಮರ, ಮರಕ್ಕೆ ಸರಾಸರಿ ಒಂದು ಲೀಟರ್, ವರ್ಷಕ್ಕೆ ಎರಡು ಸಲ ಎಂದು ಹಿಡಿಯಿರಿ. ಎಕರೆಗೆ ವರ್ಷಕ್ಕೆ ಸುಮಾರು 2.75 ಕಿಲೋ ತಾಮ್ರ. ಹೆಕ್ಟೇರಿಗೆ ಸುಮಾರು 7 ಕಿಲೋ. ಮಳೆ ಜೋರಾದ ವರ್ಷ ಮೂರನೆಯ ಸಲವೂ ಹೊಡೆಯುತ್ತೇವೆ. ಒಂದು ಹೆಕ್ಟೇರಿನ ಮೇಲಿನ ಗೇಣು ಮಣ್ಣಿನ ತೂಕ ಸುಮಾರು 20 ಲಕ್ಷ ಕಿಲೋ. ಬಿದ್ದದ್ದೆಲ್ಲ ಅಲ್ಲೇ ನಿಂತರೆ ಮಣ್ಣಿನ ಪ್ರತಿ ಕಿಲೋಗೆ ವರ್ಷಕ್ಕೆ ಮೂರೂವರೆ ಮಿಲಿಗ್ರಾಂ, 50 ವರ್ಷಕ್ಕೆ 175 ಮಿಲಿಗ್ರಾಂ. ಕಾಯಿ, ಸಿಪ್ಪೆಯ ಜತೆ ಒಂದಿಷ್ಟು ತೋಟದಿಂದ ಹೊರಹೋಗುತ್ತದೆ, ಬಸಿಗಾಲುವೆಯ ಕೆಸರಿನ ಜತೆ ಒಂದಿಷ್ಟು. ಅದನ್ನು ಕಳೆದರೂ ಸಣ್ಣ ಮೊತ್ತವಲ್ಲ. ಬೋರ್ಡೋ ಹುಟ್ಟಿದ ಯುರೋಪಿನಲ್ಲಿ ಹಳೆಯ ದ್ರಾಕ್ಷಿ ತೋಟಗಳ ಮಣ್ಣಿನಲ್ಲಿ ತಾಮ್ರ ಕೂಡಿಕೊಂಡದ್ದನ್ನು ಕಂಡೇ ಯುರೋಪಿಯನ್ ಒಕ್ಕೂಟ 2019ರಿಂದ ಮಿತಿ ಬಿಗಿಗೊಳಿಸಿದೆ. ಏಳು ವರ್ಷಕ್ಕೆ ಒಟ್ಟು 28 ಕಿಲೋ, ಅಂದರೆ ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ 4 ಕಿಲೋ. ಅಲ್ಲಿನ ಮಣ್ಣು ಬೇರೆ, ಮಳೆ ಬೇರೆ ಎಂಬುದು ಸರಿ. ಆದರೆ ಮಣ್ಣು ಹುಳಿಯಾದಷ್ಟೂ ತಾಮ್ರ ಹೆಚ್ಚು ಬಿಡಿಯಾಗುತ್ತದೆ, ಮತ್ತು ನಮ್ಮದು ಹುಳಿ ಮಣ್ಣು.

ಬಿಡಿಯಾದ ತಾಮ್ರ ಕಿಣ್ವಕ್ಕೆ ಏನು ಮಾಡುತ್ತದೆ? ಅನೇಕ ಕಿಣ್ವಗಳ ಮೈಯಲ್ಲಿ ಗಂಧಕದ ತುದಿಗಳಿರುತ್ತವೆ. ಪಾದರಸ, ಬೆಳ್ಳಿ, ತಾಮ್ರಗಳು ಆ ತುದಿಯನ್ನು ಹಿಡಿದುಕೊಂಡರೆ ಕಿಣ್ವದ ಆಕಾರ ಕೆಡುತ್ತದೆ. ಬೀಗದೊಳಗೆ ಮುರಿದ ಕೀಲಿ ಕೂತ ಹಾಗೆ. ಯೂರಿಯೇಸ್ ಇದಕ್ಕೆ ಬಹಳ ಬೇಗ ಬಲಿಯಾಗುತ್ತದೆ. ಇದು ನೇರ ಪೆಟ್ಟು. ಅದಕ್ಕಿಂತ ನಿಧಾನದ್ದು, ಹೆಚ್ಚು ವ್ಯಾಪಕವಾದದ್ದು ಇನ್ನೊಂದು. ತಾಮ್ರ ಹೆಚ್ಚಾದಲ್ಲಿ ಕಿಣ್ವ ಬಿಡುವ ಜೀವಿಗಳ ಸಂಖ್ಯೆಯೇ ಕುಗ್ಗುತ್ತದೆ, ತಾಮ್ರ ತಡೆದುಕೊಳ್ಳುವ ಕೆಲವೇ ಜಾತಿಗಳು ಉಳಿಯುತ್ತವೆ, ಎರೆಹುಳು ಆ ಜಾಗ ಬಿಟ್ಟು ಸರಿಯುತ್ತದೆ. ಸೊಪ್ಪು ಕೊಳೆಯುವುದು ತಡವಾಗುತ್ತದೆ. ವಿಚಿತ್ರವೆಂದರೆ ತಾಮ್ರವಿಲ್ಲದೆಯೂ ಸೊಪ್ಪು ಕೊಳೆಯದು. ಮರದ ಗಟ್ಟಿ ಅಂಶವಾದ ಲಿಗ್ನಿನನ್ನು ಬಿಚ್ಚುವ ಲ್ಯಾಕೇಸ್ ಎಂಬ ಕಿಣ್ವದ ಒಡಲಲ್ಲಿ ನಾಲ್ಕು ತಾಮ್ರದ ಪರಮಾಣುಗಳಿವೆ. ಅಡಿಕೆ ಹಾಳೆಯನ್ನು ಕೊಳೆಸುವ ಬಿಳಿ ಶಿಲೀಂಧ್ರಗಳು ದುಡಿಯುವುದು ಆ ನಾಲ್ಕು ಪರಮಾಣುಗಳಿಂದ. ಬೇಕಾದದ್ದು ಉಗುರಿನ ತುದಿಯಷ್ಟು. ನಾವು ಕೊಟ್ಟದ್ದು ಡ್ರಮ್ಮುಗಟ್ಟಲೆ.

ಇಲ್ಲೊಂದು ಎಚ್ಚರಿಕೆಯನ್ನೂ ಹೇಳಬೇಕು. ಮೇಲೆ ಹೇಳಿದ ಡೀಹೈಡ್ರೋಜಿನೇಸ್‌ನ ಕೆಂಪು ಬಣ್ಣದ ಪರೀಕ್ಷೆ ತಾಮ್ರವಿರುವ ಮಣ್ಣಿನಲ್ಲಿ ಮೋಸ ಮಾಡಬಲ್ಲದು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಸ್ಥೆಯಲ್ಲಿ ಚಂದರ್ ಮತ್ತು ಬ್ರೂಕ್ಸ್ 1991ರಲ್ಲಿ ಇದನ್ನು ತೋರಿಸಿದರು. ತಾಮ್ರ ಆ ಕೆಂಪಿನ ಜತೆಯೇ ಸೇರಿ ಬಣ್ಣವನ್ನು ತಗ್ಗಿಸುತ್ತದೆ. ಕಿಣ್ವ ಕಡಿಮೆಯಾಗಿದೆ ಎಂದು ನಾವು ತಪ್ಪು ತಿಳಿಯುತ್ತೇವೆ. ಆದ್ದರಿಂದ ತಾಮ್ರದ ಮಣ್ಣಿಗೆ ಆ ಒಂದೇ ಸಂಖ್ಯೆ ಸಾಲದು. ಫಾಸ್ಫಟೇಸ್, ಯೂರಿಯೇಸ್, ಮಣ್ಣಿನ ಉಸಿರಾಟ ಎಲ್ಲವನ್ನೂ ಒಟ್ಟಿಗೆ ನೋಡಬೇಕು. ತಮ್ಮ ಅಳತೆಯನ್ನೇ ಅನುಮಾನಿಸಿದ ಈ ಇಬ್ಬರ ಮೇಲೆ ನನಗೆ ಗೌರವ. ಮಣ್ಣಿನ ಪರವಾಗಿ ಮಾತಾಡುವವರಿಗೆ ಆ ಪ್ರಾಮಾಣಿಕತೆ ಇಲ್ಲದಿದ್ದರೆ ಯಾರೂ ನಂಬುವುದಿಲ್ಲ.

ಈಗ ತೋಟಕ್ಕೆ ಹೊಸ ಕಷ್ಟ ಬಂದಿದೆ. ಕೆಲವು ವರ್ಷಗಳಿಂದ ಎಲೆಚುಕ್ಕೆ ರೋಗ ಮಲೆನಾಡಿನ ತೋಟಗಳನ್ನು ಕೆಂಪಾಗಿಸುತ್ತಿದೆ. ಅದಕ್ಕೆ ಪ್ರೊಪಿಕೊನಜೋಲ್‌ನಂಥ ಔಷಧಿ ಹೊಡೆಯುತ್ತಿದ್ದೇವೆ. ಭಯದಲ್ಲಿರುವ ರೈತ ಒಂದು ಡ್ರಮ್ಮಿಗೆ ಇದ್ದದ್ದೆಲ್ಲ ಸುರಿಯುವುದನ್ನು ನೋಡಿದ್ದೇನೆ. ಆದರೆ ಒಂದು ಸಂಗತಿ ಗೊತ್ತಿದ್ದರೆ ಎಷ್ಟೋ ಖರ್ಚು ಉಳಿಯುತ್ತದೆ. ಅಜೋಲ್ ಔಷಧಿಗಳು ಕೊಳೆರೋಗಕ್ಕೆ ತಾಗುವುದೇ ಇಲ್ಲ. ಅವು ತಡೆಯುವ ಕಿಣ್ವವನ್ನು ಕೊಳೆರೋಗದ ಫೈಟಾಫ್ಥೊರಾ ಬಳಸುವುದೇ ಇಲ್ಲ, ಅದು ನಿಜವಾದ ಶಿಲೀಂಧ್ರವಲ್ಲ. ಕೊಳೆರೋಗಕ್ಕೆಂದು ಅಜೋಲ್ ಹೊಡೆದರೆ ರೋಗ ಹೋಗದು. ಬುಡದ ಒಳ್ಳೆಯ ಶಿಲೀಂಧ್ರಗಳಿಗೆ ಮಾತ್ರ ಪೆಟ್ಟು. ಈ ಅಜೋಲ್‌ಗಳಲ್ಲಿ ಕೆಲವು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ. ಇನ್ನು ಕಳೆನಾಶಕ. ಗ್ಲೈಫೋಸೇಟನ್ನು ತರಬೇತಾದ ಕೀಟನಿಯಂತ್ರಕರು ಮಾತ್ರ ಬಳಸಬೇಕೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆದೇಶಿಸಿತು. ಶಿಫಾರಸಿನ ಪ್ರಮಾಣದಲ್ಲಿ ಅದು ಮಣ್ಣಿನ ಕಿಣ್ವಗಳ ಮೇಲೆ ಮಾಡುವ ಪರಿಣಾಮ ಹೆಚ್ಚಿನ ಪ್ರಯೋಗಗಳಲ್ಲಿ ಸಣ್ಣದು, ಬೇಗ ಮಾಯುವಂಥದ್ದು. ಇದನ್ನು ಹೇಳದಿದ್ದರೆ ಅನ್ಯಾಯವಾದೀತು. ಆದರೆ ಕಳೆ ಸುಟ್ಟ ನೆಲ ಬರಿದಾಗುತ್ತದೆ, ಬಿಸಿಲಿಗೆ ಕಾಯುತ್ತದೆ, ಬೇರಿನಿಂದ ಜಿನುಗುವ ಸಕ್ಕರೆ ನಿಲ್ಲುತ್ತದೆ. ಔಷಧಿ ಮಾಡದ ಹಾನಿಯನ್ನು ಬರಿಮೈಯಾದ ಮಣ್ಣು ತಾನೇ ಮಾಡಿಕೊಳ್ಳುತ್ತದೆ.

ಇದೆಲ್ಲ ನಮಗೆ ಗೊತ್ತಾಗುವುದು ಹೇಗೆ? 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳಿವೆ. ತಾಮ್ರವೂ ಅದರಲ್ಲಿ ಒಂದು. ಆದರೆ ಕಾರ್ಡು ತಾಮ್ರವನ್ನು ನೋಡುವುದು ಕೊರತೆಯ ಕಣ್ಣಿನಿಂದ. ಕಡಿಮೆ ಇದೆಯೋ ಸಾಕಷ್ಟಿದೆಯೋ ಎಂಬುದಷ್ಟೇ ಅದರ ಪ್ರಶ್ನೆ. ಅಡಿಕೆ ತೋಟದ ರೈತ ಅದರಲ್ಲಿ 'ಸಾಕಷ್ಟು' ಎಂದು ಓದಿ ಸಮಾಧಾನ ಪಡುತ್ತಾನೆ. ಸಾಕಷ್ಟಕ್ಕಿಂತ ಎಷ್ಟು ಪಟ್ಟು ಮೇಲೆ ಎಂದು ಯಾರೂ ಹೇಳುವುದಿಲ್ಲ. ಕಿಣ್ವದ ಸಾಲಂತೂ ಅದರಲ್ಲಿಲ್ಲ. ಮನೆಯ ಉಗ್ರಾಣದಲ್ಲಿ ಏನೇನಿದೆ ಎಂದು ಪಟ್ಟಿ ಮಾಡಿ, ಒಲೆ ಉರಿಯುತ್ತಿದೆಯೇ ಎಂದು ನೋಡದೆ ಬಂದ ಹಾಗೆ. ಮಲೆನಾಡು ಮತ್ತು ಕರಾವಳಿಯ ತೋಟಗಳಿಗಾದರೂ ತಾಮ್ರದ ಮೇಲ್ಮಿತಿ ಮತ್ತು ಒಂದೆರಡು ಕಿಣ್ವಗಳ ಅಳತೆ ಆ ಕಾರ್ಡಿಗೆ ಸೇರಬೇಕು. ಫಾಸ್ಫಟೇಸ್ ಪರೀಕ್ಷೆಗೆ ಹಳದಿ ಬಣ್ಣ ಅಳೆಯುವ ಒಂದು ಸಾಧಾರಣ ಯಂತ್ರ ಸಾಕು. ಅಂಥ ಯಂತ್ರ ಮಣ್ಣು ಪರೀಕ್ಷಾ ಪ್ರಯೋಗಾಲಯಗಳಲ್ಲಿ ರಂಜಕ ಅಳೆಯಲು ಇದ್ದೇ ಇರುತ್ತದೆ.

ಅಲ್ಲಿಯವರೆಗೆ ರೈತರ ಕೈಯಲ್ಲಿ ಇರುವುದೂ ಕಡಿಮೆಯಲ್ಲ. ಕತ್ತಿ ಅದ್ದಿ ಹದ ನೋಡುವುದನ್ನು ಬಿಡಬಾರದು. ದೋಟಿಗೆ ಕಟ್ಟಿದ ಪೈಪಿನಿಂದ ಕೊನೆಗೆ ಮಾತ್ರ ಬೀಳುವಂತೆ ಹೊಡೆದರೆ ಬುಡಕ್ಕೆ ಸುರಿಯುವುದು ಕಡಿಮೆಯಾಗುತ್ತದೆ. ಹುಳಿ ಮಣ್ಣಿಗೆ ಸುಣ್ಣ ಕೊಟ್ಟರೆ ಬಿಡಿ ತಾಮ್ರ ಅಡಗುತ್ತದೆ. ಎಲ್ಲಕ್ಕಿಂತ ಮಿಗಿಲಾದದ್ದು ಸೊಪ್ಪು ಮತ್ತು ಸಗಣಿ ಗೊಬ್ಬರ. ಗೊಬ್ಬರದ ಕಪ್ಪು ಅಂಶ ತಾಮ್ರವನ್ನು ಹಿಡಿದಿಟ್ಟು ಕಿಣ್ವದಿಂದ ದೂರ ಇಡುತ್ತದೆ, ಹೊಸ ಜೀವಿಗಳಿಗೆ ಊಟವನ್ನೂ ಕೊಡುತ್ತದೆ. ನೂರು ವರ್ಷದ ತಾಮ್ರ ಹೊತ್ತೂ ನಮ್ಮ ತೋಟಗಳು ಇನ್ನೂ ಫಲ ಕೊಡುತ್ತಿರುವುದಕ್ಕೆ ಸೊಪ್ಪಿನ ಬೆಟ್ಟಗಳ ಋಣವೇ ಕಾರಣ ಎಂದು ನಾನು ನಂಬಿದ್ದೇನೆ. ಆ ಬೆಟ್ಟಗಳು ಬೋಳಾಗುತ್ತಿವೆ, ಕೊಟ್ಟಿಗೆಗಳು ಖಾಲಿಯಾಗುತ್ತಿವೆ, ಸೊಪ್ಪು ತರಲು ಆಳಿಲ್ಲ. ನನ್ನ ನಿಜವಾದ ಹೆದರಿಕೆ ಅದು.

ಈ ಸಲ ಭೂಮಿ ಹುಣ್ಣಿಮೆಯ ಬೆಳಗಿನ ಜಾವ ತೋಟಕ್ಕೆ ಎಡೆ ಒಯ್ದಾಗ, ಎಂದಿನಂತೆ ಕಡುಬಿನ ಒಂದು ಪಾಲನ್ನು ಬಾಳೆಲೆಯಲ್ಲಿಟ್ಟು ಹೂತೆವು. ಜತೆಗೆ ನಾನು ಹಳೆಯ ಹತ್ತಿ ಪಂಚೆಯಿಂದ ಹರಿದ ಮೂರು ತುಂಡುಗಳನ್ನೂ ಹೂತಿಟ್ಟಿದ್ದೇನೆ. ಹತ್ತಿ ಎಂದರೆ ಬರೀ ನಾರು. ಸೆಲ್ಯುಲೇಸ್ ಇದ್ದಲ್ಲಿ ಎರಡು ತಿಂಗಳಲ್ಲಿ ಅದು ಚಿಂದಿಯಾಗಬೇಕು. ಒಂದು ತುಂಡು ಔಷಧಿ ಮುಟ್ಟದ ಬೆಟ್ಟದ ಅಂಚಿನಲ್ಲಿದೆ. ಒಂದು ನಡು ತೋಟದ ಮರದ ಬುಡದಲ್ಲಿ. ಮೂರನೆಯದು ಅಜ್ಜನ ಕಾಲದಿಂದ ಡ್ರಮ್ಮು ಇಟ್ಟು ಮೈಲುತುತ್ತ ಕಲಸುವ ಜಾಗದಲ್ಲಿ. ಅಲ್ಲಿ ಹುಲ್ಲು ಕೂಡ ತೆಳ್ಳಗೆ ಬೆಳೆಯುತ್ತದೆ. ಮೂರು ಬಟ್ಟೆ ತುಂಡುಗಳಿಂದ ಏನೂ ಸಾಬೀತಾಗದು, ತೇವ ಹೆಚ್ಚು ಕಡಿಮೆಯಾದರೂ ಫಲಿತಾಂಶ ಬದಲಾಗುತ್ತದೆ ಎಂದು ಗೊತ್ತು. ಆದರೂ ಮೂರು ಕಡೆಯೂ ಬಿದಿರಿನ ಗೂಟ ನೆಟ್ಟು ತಾರೀಕು ಬರೆದು ಬಂದಿದ್ದೇನೆ. ಕಾರ್ತಿಕ ಕಳೆದು, ಕೊನೆ ಕೊಯ್ಲಿನ ಗಡಿಬಿಡಿ ಮುಗಿದ ಮೇಲೆ ಅಗೆದು ನೋಡಬೇಕು.